ಬೆಲ್ಟ್ ಕಿಲೋಮೀಟರ್ ಎಣಿಸುವುದಿಲ್ಲ

ಖೇಡ್ ಶಿವಾಪುರದ ಟೋಲ್ ನಾಕಾದಲ್ಲಿ ನಮ್ಮ ಮುಂದೆ ಇನ್ನು ನಾಲ್ಕೇ ಗಾಡಿ. ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾನೆಟ್ ಒಳಗೆ ಕಟಕಟ ಅಂತ ಸಣ್ಣ ಸದ್ದು. ಟೈರಿಗೆ ಕಲ್ಲು ಸಿಕ್ಕಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಎಂಜಿನ್ ನಿಂತಿತು. ಹೊಗೆ ಇಲ್ಲ, ವಾಸನೆ ಇಲ್ಲ. ಕರೆಂಟ್ ಹೋದಾಗ ಮನೆ ಸುಮ್ಮನಾಗುತ್ತದಲ್ಲ, ಹಾಗೆ.

ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ. ನಾನು ಕೀ ತಿರುಗಿಸಿದೆ. ಸೆಲ್ಫ್ ಏನೋ ತಿರುಗಿತು, ಆದರೆ ದಿನದ ಹಾಗಲ್ಲ. ಡೀಸೆಲ್ ಗಾಡಿಯ ಸೆಲ್ಫ್ ತುಸು ಏದುಸಿರು ಬಿಡುತ್ತದೆ, ಭಾರದ ಮೂಟೆ ಎತ್ತಿದವರ ಹಾಗೆ. ಈಗ ಖಾಲಿ ಮಿಕ್ಸರ್ ಜಾರಿನಂತೆ ಸರ್ರನೆ ತಿರುಗಿತು. ಮತ್ತೊಮ್ಮೆ ಹೊಡೆದೆ. ಮತ್ತೂ ಒಮ್ಮೆ ಹೊಡೆದೆ. ಆ ಮೂರು ಸಲಕ್ಕೆ ಎಷ್ಟು ಬೆಲೆ ತೆತ್ತೆನೋ, ಈಗಲೂ ಲೆಕ್ಕ ಸಿಕ್ಕಿಲ್ಲ.

ಟೋ ವ್ಯಾನಿನಲ್ಲಿ ವಾಪಸ್ ಪುಣೆಯ ವಾರ್ಜೆಗೆ ಬಂದೆವು. ನಮ್ಮ ಮಿಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ಹುಡುಗರನ್ನು ಬೈಯಲು ಕನ್ನಡ. ಬಾನೆಟ್ ಎತ್ತುವ ಮೊದಲೇ ಕೇಳಿದರು, "ಸರ, ನಿಂತ ಮ್ಯಾಲ ಸೆಲ್ಫ್ ಹೊಡದ್ರೇನು?"

"ಮೂರು ಸಲ."

"ಹೊಡಿಬಾರ್ದಿತ್ರಿ. ಟೈಮಿಂಗ್ ಬೆಲ್ಟ್ ಹೋಗೇತಿ."

ಸೆಕೆಂಡ್ ಹ್ಯಾಂಡ್ ಕಾರು, ಕೊಂಡು ಎಂಟು ತಿಂಗಳಾಗಿತ್ತಷ್ಟೆ. 2014ರ ಡೀಸೆಲ್ ಸೆಡಾನ್. ಮೀಟರಿನಲ್ಲಿ 71,000 ಕಿಲೋಮೀಟರ್. "ಬೆಲ್ಟ್ ಲಕ್ಷಕ್ಕೆ ಬದಲಿಸೋದು, ಇನ್ನೂ ಬೇಕಾದಷ್ಟಿದೆ" ಅಂತ ಮಾರಿದವರು ಹೇಳಿದ್ದರು. ಅವರು ಸುಳ್ಳು ಹೇಳಲಿಲ್ಲ. ಕಾರಿನ ಪುಸ್ತಕದ ಅದೇ ಸಾಲಿನಲ್ಲಿ ಮುಂದೆ "ಅಥವಾ ಐದು ವರ್ಷ, ಯಾವುದು ಮೊದಲೋ ಅದು" ಅಂತ ಇತ್ತು. ಅದನ್ನು ಅವರು ಓದಿರಲಿಲ್ಲ. ನಾನೂ ಓದಿರಲಿಲ್ಲ.

ಎಂಜಿನ್ನಿನಲ್ಲಿ ಎರಡು ಲೋಕ ಇವೆ. ಕೆಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತ ಕ್ರ್ಯಾಂಕ್ ಶಾಫ್ಟ್ ಅನ್ನುವ ದಪ್ಪ ದಂಡವನ್ನು ತಿರುಗಿಸುತ್ತವೆ. ಮೇಲೆ ಹೆಡ್ ಅನ್ನುವ ಮುಚ್ಚಳದಲ್ಲಿ ಕ್ಯಾಮ್ ಶಾಫ್ಟ್ ಅನ್ನುವ ಇನ್ನೊಂದು ದಂಡ ವಾಲ್ವ್‌ಗಳನ್ನು ಒತ್ತಿ ತೆರೆಯುತ್ತದೆ. ಗಾಳಿ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಇನ್ನೊಂದು. ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ತಳ್ಳುವುದು, ಈ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಸುತ್ತಬೇಕು. ಅಷ್ಟರಲ್ಲಿ ಪ್ರತಿ ವಾಲ್ವ್ ಒಂದೇ ಸಲ ತೆರೆದರೆ ಸಾಕು. ಹಾಗಾಗಿ ಕ್ಯಾಮ್‌ನ ಹಲ್ಲುಗಾಲಿಗೆ ಕ್ರ್ಯಾಂಕಿನದಕ್ಕಿಂತ ಸರಿಯಾಗಿ ಎರಡು ಪಟ್ಟು ಹಲ್ಲು. ಇವೆರಡನ್ನೂ ಕಟ್ಟಿಹಾಕಿರುವುದೇ ಟೈಮಿಂಗ್ ಬೆಲ್ಟ್. ಒಳಮೈಗೆ ಹಲ್ಲಿರುವ ರಬ್ಬರ್ ಪಟ್ಟಿ, ಅಗಲ ಎರಡು ಬೆರಳಿನಷ್ಟು. ನಿಮಿಷಕ್ಕೆ 2,000 ಸುತ್ತಿನಲ್ಲಿ ಎಂಜಿನ್ ಓಡುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ ಹದಿನಾರು ಹದಿನೇಳು ಸಲ ತೆರೆದು ಮುಚ್ಚುತ್ತದೆ. ಬೆಲ್ಟ್ ಒಂದೇ ಒಂದು ಹಲ್ಲು ಜಾರಿದರೂ ಲೆಕ್ಕ ತಪ್ಪುತ್ತದೆ. ಕ್ರ್ಯಾಂಕಿನ ಗಾಲಿಗೆ 20 ಹಲ್ಲಿದ್ದರೆ, ಒಂದು ಹಲ್ಲು ಅಂದರೆ 18 ಡಿಗ್ರಿ.

ಇಷ್ಟು ನಾಜೂಕಿನ ಕೆಲಸಕ್ಕೆ ರಬ್ಬರ್ ಯಾಕೆ? ಮೊದಲು ಗಿಯರ್‌ಗಳೇ ಇದ್ದವು. ಹೊಲದ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಈಗಲೂ ಅವೇ. ಪಂಪ್‌ಸೆಟ್ ಅಂದಾಗ ನನಗೆ ಪುಣೆಗೂ ನಮ್ಮ ಕಡೆಗೂ ಇರುವ ನಂಟು ನೆನಪಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುಮಾಡಿದ್ದು. ಅಂಥ ಎಂಜಿನ್ನು ನಿಮಿಷಕ್ಕೆ 1,500 ಸುತ್ತಿನಲ್ಲೇ ಒಂದೇ ಸಮ ಓಡುತ್ತದೆ, ಗಿಯರ್ ಅದಕ್ಕೆ ಹೇಳಿ ಮಾಡಿಸಿದ್ದು. ಕಾರಿನ ಕಥೆ ಬೇರೆ. ಇಲ್ಲಿ ಕ್ಯಾಮ್ ಹೆಡ್ ಮೇಲೆ ಹತ್ತಿ ಕೂತಿದೆ. ಕೆಳಗಿನಿಂದ ಅಲ್ಲಿಯವರೆಗೆ ಗಿಯರ್ ಜೋಡಿಸುತ್ತ ಹೋದರೆ ಭಾರ ಜಾಸ್ತಿ, ಸದ್ದು ಜಾಸ್ತಿ, ಖರ್ಚೂ ಜಾಸ್ತಿ. ಚೈನ್ ಹಾಕಬಹುದು, ಆದರೆ ಅದಕ್ಕೆ ಎಣ್ಣೆ ಬೇಕು. ರಬ್ಬರ್ ಬೆಲ್ಟ್ ಎಣ್ಣೆಯಿಲ್ಲದೆ ಓಡುತ್ತದೆ, ಹಗುರ, ಸದ್ದಿಲ್ಲ.

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಮಷೀನಿಗಾಗಿ ಮಾಡಿದ್ದು. ಅಂಗಡಿಯಲ್ಲಿ ಮಾರುವ ಕಾರಿಗೆ ಬಂದದ್ದು 1960ರ ದಶಕದ ಶುರುವಿನಲ್ಲಿ, ಜರ್ಮನಿಯ ಗ್ಲಾಸ್ ಅನ್ನುವ ಸಣ್ಣ ಕಂಪನಿಯ ಕಾರಿನಲ್ಲಿ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ಅವಳ ಹಳೇ ಕಾಲ್ತುಳಿತದ ಮಷೀನಿನ ಚರ್ಮದ ಪಟ್ಟಿ ಎಷ್ಟೋ ಸಲ ಜಾರುತ್ತಿತ್ತು, ಏನೂ ಆಗುತ್ತಿರಲಿಲ್ಲ. ಆದರೆ ಮಷೀನಿನ ಒಳಗೆ ಸೂಜಿ ಇಳಿಯುವುದಕ್ಕೂ ಕೆಳಗಿನ ಶಟಲ್ ಬರುವುದಕ್ಕೂ ಒಂದು ಲೆಕ್ಕ ಇದೆ. ಅದು ತಪ್ಪಿದರೆ ಸೂಜಿ ಶಟಲ್‌ಗೆ ಬಡಿಯುತ್ತದೆ.

"ಅಂದ್ರ ಸೂಜಿ ಮುರಿದಂಗ ಆತು" ಅಂದಳು ಅವ್ವ. ಅಷ್ಟೇ. ನಾನು ಅರ್ಧ ತಾಸು ಹೇಳಿದ್ದು ಅದೇ.

ಕೆಲವು ಹಳೇ ಪೆಟ್ರೋಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೂ ಸೂಜಿ ಮುರಿಯುವುದಿಲ್ಲ. ವಾಲ್ವ್ ಪೂರ್ತಿ ತೆರೆದು ನಿಂತರೂ ಪಿಸ್ಟನ್‌ಗೆ ತಾಗದಷ್ಟು ಜಾಗ ಅಲ್ಲಿರುತ್ತದೆ. ಹೊಸ ಬೆಲ್ಟ್ ಹಾಕಿದರೆ ಗಾಡಿ ಹೊರಟಿತು. ಡೀಸೆಲ್‌ಗೆ ಆ ಭಾಗ್ಯ ಇಲ್ಲ. ಯಾಕೆಂದರೆ ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಬರೀ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಬೇಕು. ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುತ್ತದಲ್ವಾ, ಅದೇ ಕಥೆ, ಆದರೆ ಇಲ್ಲಿ ಬಿಸಿ 500 ಡಿಗ್ರಿ ದಾಟಬೇಕು. ಆ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಒಂದೂವರೆ ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. ಪಿಸ್ಟನ್ ಕೆಳಗಿದ್ದಾಗ ಒಂದು ಸಿಲಿಂಡರಿನಲ್ಲಿ ಸುಮಾರು 400 ಮಿಲಿಲೀಟರ್ ಗಾಳಿ. ಹದಿನಾರರಲ್ಲಿ ಒಂದು ಪಾಲಿಗೆ ಒತ್ತಿದರೆ ಉಳಿಯುವುದು 25 ಮಿಲಿಲೀಟರ್. ಕಟಿಂಗ್ ಚಹಾದ ಎರಡು ಗುಟುಕು. ಆ ಗಾಳಿಯ ಬಹುಪಾಲು ಪಿಸ್ಟನ್ನಿನ ತಲೆಯಲ್ಲಿ ಕೊರೆದ ಬಟ್ಟಲಿನಲ್ಲಿ ಕೂರುತ್ತದೆ. ಬಟ್ಟಲಿನ ಸುತ್ತಲಿನ ಅಂಚಿಗೂ ಮೇಲಿನ ಹೆಡ್‌ಗೂ ನಡುವೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ತೆರೆದ ವಾಲ್ವ್ ಅದೇ ಜಾಗಕ್ಕೆ ಏಳೆಂಟು ಮಿಲಿಮೀಟರ್ ಇಳಿದಿರುತ್ತದೆ. ಇಬ್ಬರೂ ಒಟ್ಟಿಗೆ ಅಲ್ಲಿರಬಾರದು ಅನ್ನುವುದನ್ನು ನೋಡಿಕೊಳ್ಳುವುದು ಬೆಲ್ಟ್ ಒಂದೇ. ಅದು ಹೋದ ಗಳಿಗೆ ಕ್ಯಾಮ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಇನ್ನೂ ಸುತ್ತುತ್ತಿರುತ್ತದೆ. ನಾನು ಕೇಳಿದ ಕಟಕಟ ಅದೇ. ಸೆಲ್ಫ್ ಹಗುರಾಗಿ ತಿರುಗಿದ್ದೂ ಅದಕ್ಕೇ. ವಾಲ್ವ್ ಮುಚ್ಚದಿದ್ದರೆ ಗಾಳಿ ಒತ್ತುವುದೇ ಇಲ್ಲ, ಸೆಲ್ಫ್‌ಗೆ ಎತ್ತಲು ಮೂಟೆಯೇ ಇಲ್ಲ. ಆ ಸದ್ದು ಕೇಳಿದವರು ಕೀ ಬಿಟ್ಟು ಕೆಳಗಿಳಿಯಬೇಕು. ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ಪಿಸ್ಟನ್ ಹೋಗಿ ಹೋಗಿ ವಾಲ್ವ್‌ಗೆ ಗುದ್ದುತ್ತದೆ.

ಎರಡು ದಿನದ ಮೇಲೆ ಹೆಡ್ ಇಳಿಸಿದರು. ಮರಾಠಿ ಪೇಪರ್ ಹಾಸಿ ಅದರ ಮೇಲೆ ಹದಿನಾರು ವಾಲ್ವ್ ಸಾಲಾಗಿ ಇಟ್ಟಿದ್ದರು. ನೋಡಲು ಎಲ್ಲವೂ ನೆಟ್ಟಗೇ ಇದ್ದವು. ಮಿಸ್ತ್ರಿ ಒಂದು ಗಾಜಿನ ತುಂಡಿನ ಮೇಲೆ ಒಂದೊಂದನ್ನೇ ಉರುಳಿಸಿ ತೋರಿಸಿದರು. ಸರಿ ಇದ್ದದ್ದು ಪೆನ್ಸಿಲಿನಂತೆ ಉರುಳಿತು. ಬಾಗಿದ್ದು ಕುಂಟುತ್ತ ಕುಂಟುತ್ತ ಹೋಯಿತು. ಹೀಗೆ ಐದು ಕುಂಟ ವಾಲ್ವ್. ವಾಲ್ವ್ ಒತ್ತುವ ರಾಕರ್‌ಗಳು ಏಳು ಮುರಿದಿದ್ದವು. ರಾಕರ್ ಮುರಿದದ್ದು ಒಳ್ಳೆಯದೇ ಆಯ್ತು ಅಂದರು. ಇಂಥ ಡೀಸೆಲ್ ಹೆಡ್‌ನಲ್ಲಿ ವಾಲ್ವ್ ನೇರವಾಗಿ ನಿಂತಿರುತ್ತದೆ. ಕೆಳಗಿನಿಂದ ಬಿದ್ದ ಪೆಟ್ಟು ಸೀದಾ ರಾಕರ್‌ಗೆ ಹೋಗುತ್ತದೆ. ಅದು ಮುರಿದು ವಾಲ್ವನ್ನು ಉಳಿಸುತ್ತದೆ. ಪಿಸ್ಟನ್‌ಗಳ ತಲೆ ಮೇಲೆ ಅರ್ಧಚಂದ್ರದ ಗುರುತು ಮೂಡಿತ್ತು. ತೂತಾಗಿರಲಿಲ್ಲ.

ಹಳೇ ಬೆಲ್ಟ್ ಕೈಗೆ ಕೊಟ್ಟರು. ಹರಿದಿದೆ ಅಂದುಕೊಂಡಿದ್ದೆ. ಹರಿದಿರಲಿಲ್ಲ! ಒಂದು ಗೇಣಿಗಿಂತ ಕಡಿಮೆ ಉದ್ದಕ್ಕೆ ಹಲ್ಲುಗಳು ಬೋಳಾಗಿದ್ದವು, ಮಿಕ್ಕ ಬೆಲ್ಟ್ ಹೊಸದರಂತೆ ಇತ್ತು. ಕ್ರ್ಯಾಂಕಿನ ಗಾಲಿ ಎಲ್ಲಕ್ಕಿಂತ ಚಿಕ್ಕದು. ಅದನ್ನು ಒಂದು ಹೊತ್ತಿಗೆ ಕೆಲವೇ ಹಲ್ಲುಗಳು ಹಿಡಿದಿರುತ್ತವೆ. ಎಳೆತವೆಲ್ಲ ಅವುಗಳ ಮೇಲೆ. ಎಷ್ಟೋ ಡೀಸೆಲ್ ಕಾರುಗಳಲ್ಲಿ ಇಂಧನವನ್ನು ಜೋರಾಗಿ ಒತ್ತುವ ಪಂಪನ್ನೂ ಇದೇ ಬೆಲ್ಟ್ ತಿರುಗಿಸಬೇಕು, ಹಾಗಾಗಿ ಎಳೆತ ಇನ್ನೂ ಜಾಸ್ತಿ.

ಬೆರಳಿನಿಂದ ಬಾಗಿಸಿದೆ. ಬಿರುಕೂ ಇಲ್ಲ. ಹಿಂದೆ ನಿಯೋಪ್ರೀನ್ ರಬ್ಬರಿನ ಬೆಲ್ಟ್‌ಗಳು ಸಾಯುವ ಮೊದಲು ಬಿರುಕು ಬಿಟ್ಟು ಸೂಚನೆ ಕೊಡುತ್ತಿದ್ದವು. ಈಗಿನವು ಬಿಸಿಯನ್ನೂ ಓಝೋನನ್ನೂ ಹೆಚ್ಚು ತಾಳುವ ಬೇರೆ ರಬ್ಬರಿನವು. ಒಳಗೆ ಗಾಜಿನ ನಾರಿನ ಹುರಿ, ಹಲ್ಲಿನ ಮೇಲೆ ನೈಲಾನ್ ಬಟ್ಟೆ. ಬಾಳಿಕೆ ಜಾಸ್ತಿ. ಆದರೆ ಹೊರಗೆ ಚೆಂದ ಕಾಣುತ್ತಲೇ ಒಳಗೆ ನಾರು ದಣಿದಿರುತ್ತದೆ. ಹಾಗಾಗಿ "ಕವರ್ ತೆಗೆದು ನೋಡಿದೆ, ಬೆಲ್ಟ್ ಚೆನ್ನಾಗಿದೆ" ಅನ್ನುವ ಮಾತಿಗೆ ನಾನೀಗ ಮೂರು ಕಾಸಿನ ಬೆಲೆ ಕೊಡುವುದಿಲ್ಲ.

71,000ಕ್ಕೇ ಯಾಕೆ ಹೋಯಿತು? ಈ ಕಾರಿನ ಮೊದಲ ಒಡೆಯರು ದಿನಾ ಪುಣೆಯ ಐಟಿ ಕಂಪನಿಗಳಿರುವ ಹಿಂಜವಡಿಗೆ ಹೋಗಿ ಬರುತ್ತಿದ್ದರು. ಹಿಂಜವಡಿಯ ಟ್ರಾಫಿಕ್ ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ, ಆದರೂ ಲೆಕ್ಕ ಹಾಕೋಣ. ಗಂಟೆಗೆ ಸರಾಸರಿ 20 ಕಿಲೋಮೀಟರ್ ಅಂದರೆ 71,000ಕ್ಕೆ 3,550 ಗಂಟೆ. ನಿಂತು, ತೆವಳಿ, ಎಸಿ ಹಾಕಿಕೊಂಡು ಎಂಜಿನ್ ನಿಮಿಷಕ್ಕೆ 1,300 ಸುತ್ತು ಸುತ್ತಿದರೂ ಒಟ್ಟು ಸುಮಾರು 28 ಕೋಟಿ ಸುತ್ತು. ಅದೇ ಕಾರು ಧಾರವಾಡದ ಹೈವೇಯಲ್ಲಿ ಗಂಟೆಗೆ 70ರಂತೆ, ನಿಮಿಷಕ್ಕೆ 2,000 ಸುತ್ತಿನಲ್ಲಿ ಪೂರ್ತಿ ಒಂದು ಲಕ್ಷ ಕಿಲೋಮೀಟರ್ ಓಡಿದ್ದರೂ ಸುಮಾರು 17 ಕೋಟಿ ಸುತ್ತು. ಮೀಟರ್ ಎಣಿಸುವುದು ರಸ್ತೆಯನ್ನು. ಬೆಲ್ಟ್‌ಗೆ ರಸ್ತೆ ಗೊತ್ತಿಲ್ಲ, ಸುತ್ತು ಗೊತ್ತು.

ಸುತ್ತಿನ ಜೊತೆ ಬಿಸಿಯೂ ಇದೆ. ಬಿಸಿ ಹತ್ತು ಡಿಗ್ರಿ ಏರಿದರೆ ರಬ್ಬರ್ ಮುದಿಯಾಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ ಅಂತ ಒಂದು ಕೈಲೆಕ್ಕ ಇದೆ. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ಕ್ರ್ಯಾಂಕ್ ಅಥವಾ ಕ್ಯಾಮ್‌ನ ಸೀಲಿನಿಂದ ಎಣ್ಣೆ ಜಿನುಗಿ ಬೆಲ್ಟಿಗೆ ತಾಗಿದರಂತೂ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಇದ್ಯಾವುದೂ ಬೇಡ, ಸುಮ್ನೆ ಪಾರ್ಕಿಂಗ್‌ನಲ್ಲಿ ನಿಲ್ಲಿಸಿಟ್ಟರೂ ವರ್ಷಗಳು ಅದನ್ನು ತಿನ್ನುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಅನ್ನುವ ಹೊಗೆಯ ನಿಯಮ ಬಂದಾಗ ಹಲವು ಕಂಪನಿಗಳು ಸಣ್ಣ ಡೀಸೆಲ್ ಕಾರುಗಳನ್ನೇ ಕೈಬಿಟ್ಟವು. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿರುವ ಅಂಥ ಕಾರಿನ ಬೆಲ್ಟ್ ಒಮ್ಮೆಯೂ ಬದಲಾಗಿಲ್ಲದಿದ್ದರೆ, ಮೀಟರ್ ಏನೇ ತೋರಿಸಲಿ, ಅದಕ್ಕೆ ಐದು ವರ್ಷ ದಾಟಿದೆ.

ಎಲ್ಲ ಡೀಸೆಲ್ಲಿನಲ್ಲೂ ಬೆಲ್ಟೇ ಇರುತ್ತದೆ ಅಂತೇನಿಲ್ಲ. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾಗುತ್ತಿದ್ದ ಫಿಯಾಟ್‌ನ 1.3 ಲೀಟರ್ ಮಲ್ಟಿಜೆಟ್‌ಗೆ ಚೈನ್. ಮಾರುತಿ ಸ್ವಿಫ್ಟ್ ಡೀಸೆಲ್ಲಿನಲ್ಲಿದ್ದದ್ದೂ ಅದೇ ಎಂಜಿನ್. ಡಸ್ಟರಿನ 1.5 ಲೀಟರ್, ಹಳೇ ಇನ್ನೋವಾದ 2.5 ಲೀಟರ್, ಇವಕ್ಕೆ ಬೆಲ್ಟ್. ಕೊಳ್ಳುವ ಮೊದಲು ಅದನ್ನು ಕೇಳಬೇಕು. ಆಮೇಲೆ ಬದಲಿಸಿದ ಬಿಲ್ ಕೇಳಬೇಕು. ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ. ಆ ಖರ್ಚನ್ನು ಕಾರಿನ ರೇಟಿನಲ್ಲಿ ಕಡಿಮೆ ಮಾಡಿಸಿಕೊಂಡು, ಮನೆಗೆ ತರುವ ಮೊದಲು ಗ್ಯಾರೇಜಿಗೆ ಒಯ್ಯಬೇಕು. ಸಮಯಕ್ಕೆ ಬದಲಿಸಿದ್ದರೆ ನನ್ನದು ಹದಿನೈದು ಸಾವಿರದೊಳಗೆ ಮುಗಿಯುತ್ತಿತ್ತು. ಈಗ ಅರವತ್ತೆಂಟು ಸಾವಿರವಾಯಿತು.

ನಾನಾ ಪೇಠ್‌ನ ಸ್ಪೇರ್ ಅಂಗಡಿಯಿಂದ ಕಿಟ್ ತಂದೆ. ಕಿಟ್ ಅಂದರೆ ಬೆಲ್ಟ್ ಒಂದೇ ಅಲ್ಲ. ಅದನ್ನು ಬಿಗಿ ಹಿಡಿಯುವ ಟೆನ್ಶನರ್, ದಾರಿ ತೋರಿಸುವ ಐಡ್ಲರ್ ಗಾಲಿ, ವಾಟರ್ ಪಂಪ್, ಎಲ್ಲ ಒಟ್ಟಿಗೆ. ಪಂಪ್ ಸರಿ ಇದೆಯಲ್ಲ, ಅದು ಯಾಕೆ ಅಂದೆ. ನಮ್ಮ ಕಾರಿನಲ್ಲಿ ಪಂಪೂ ಇದೇ ಬೆಲ್ಟಿನಿಂದ ತಿರುಗುತ್ತದೆ. ಹಳೇ ಪಂಪಿನ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ. ಬೆಲ್ಟಿನ ಪೊಟ್ಟಣ ಬಿಚ್ಚುತ್ತಿದ್ದ ಹುಡುಗ ಅದನ್ನು ಚಕ್ಕುಲಿಯಂತೆ ಮಡಚಿದ. ಮಿಸ್ತ್ರಿ ಗದರಿದರು. ಗಾಜಿನ ನಾರು ಎಳೆತ ತಾಳುತ್ತದೆ, ಚೂಪಾದ ಮಡಿಕೆ ತಾಳುವುದಿಲ್ಲ.

ಕ್ರ್ಯಾಂಕಿಗೆ ಒಂದು ಪಿನ್, ಕ್ಯಾಮ್‌ಗೆ ಒಂದು ಪಿನ್ ತೂರಿಸಿ ಎರಡನ್ನೂ ಅಲುಗದಂತೆ ಲಾಕ್ ಮಾಡಿದರು. ಬೆಲ್ಟ್ ಹಾಕಿ, ಟೆನ್ಶನರ್ ಬಿಗಿದು, ಪಿನ್ ತೆಗೆದರು. ಇನ್ನೇನು ಸೆಲ್ಫ್ ಹೊಡೆಯುತ್ತಾರೆ ಅಂದುಕೊಂಡೆ. ಇಲ್ಲ. ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ನನ್ನ ಕೈಗೇ ಕೊಟ್ಟರು. "ನಿಧಾನಕ ತಿರುಗಸ್ರಿ. ಎರಡು ಸುತ್ತು. ಎಲ್ಲರೆ ಗಟ್ಟಿ ತಡದ್ರ ಬಿಟ್ಟುಬಿಡ್ರಿ." ಎರಡು ಸುತ್ತು ಅಂದರೆ ಕ್ಯಾಮ್‌ಗೆ ಒಂದು, ಎಲ್ಲ ಹದಿನಾರು ವಾಲ್ವ್ ಒಂದೊಂದು ಸಲ ತೆರೆದು ಮುಚ್ಚಲು ಸಾಕಾಗುವಷ್ಟು. ಪಾನಾ ಸ್ವಲ್ಪ ದೂರ ಹಗುರ ಬಂತು, ಆಮೇಲೆ ಭಾರವಾಯಿತು, ಒಳಗೆ ಗಾಳಿ ಉಸ್ ಅಂತ ಒತ್ತಿಕೊಳ್ಳುವುದು ಕೈಗೆ ತಿಳಿಯಿತು, ಮತ್ತೆ ಹಗುರವಾಯಿತು. ಸೆಲ್ಫ್ ಏದುಸಿರು ಬಿಡುವುದು ಈ ಭಾರಕ್ಕೇ. ಗುರುತುಗಳು ಸರಿಯಾಗಿ ಒಂದರ ಎದುರು ಒಂದು ಬಂದು ನಿಂತವು.

ಬೆಲ್ಟಿನ ಕವರ್ ಮುಚ್ಚಿದ ಮೇಲೆ ಮಿಸ್ತ್ರಿ ಬಿಳಿ ಪೇಂಟ್ ಪೆನ್ ತೆಗೆದು ಅದರ ಮೇಲೆ 71,000 ಅಂತ ಬರೆಯಲು ಹೋದರು. ಮೊದಲು ತಾರೀಕು ಬರೆಯಿರಿ ಅಂದೆ.