ಮೊದಲ ಸಲ ಮುಂಬೈಗೆ ಹೊರಟಿದ್ದೇವೆ, ಲೋಕಲ್ ಟ್ರೇನ್ ಹತ್ತಬಹುದಾ?

ಓದುಗರ ಪ್ರಶ್ನೆ: ರಜೆಗೆ ಮೊದಲ ಸಲ ಮುಂಬೈಗೆ ಹೊರಟಿದ್ದೇವೆ. ನಾವಿಬ್ಬರು, ಹತ್ತು ವರ್ಷದ ಮಗಳು, ಜೊತೆಗೆ ಮಂಡಿ ನೋವಿರುವ ನಮ್ಮತ್ತೆ. ಲೋಕಲ್ ಟ್ರೇನ್ ವಿಡಿಯೋ ನೋಡಿದರೆ ಎದೆ ಝಲ್ ಅನ್ನುತ್ತೆ. ಹಾಗಂತ ದಿನಾ ಟ್ಯಾಕ್ಸಿಗೆ ದುಡ್ಡು ಸುರಿಯೋಕೂ ಮನಸ್ಸಿಲ್ಲ. ಏನು ಮಾಡೋದು?

ಉತ್ತರ: ಧಾರಾಳವಾಗಿ ಹತ್ತಿ. ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಅನ್ನೋದನ್ನು ಮಾತ್ರ ಯೋಚಿಸಿ ಹತ್ತಿ.

ನೀವು ನೋಡಿದ ಆ ವಿಡಿಯೋಗಳು ಸುಳ್ಳಲ್ಲ. ಆದರೆ ಅವೆಲ್ಲ ಆಫೀಸ್ ಹೊತ್ತಿನವು. ಮುಂಬೈ ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಊರು. ಹಳೇ ಆಫೀಸುಗಳು, ಬ್ಯಾಂಕುಗಳು, ಕೋರ್ಟು ಎಲ್ಲ ದಕ್ಷಿಣದ ತುದಿಯಲ್ಲಿವೆ. ಜನರ ಮನೆಗಳು ಉತ್ತರಕ್ಕೆ ಬೋರಿವಲಿ, ವಿರಾರ್, ಠಾಣೆ, ಕಲ್ಯಾಣದವರೆಗೂ ಹಬ್ಬಿವೆ. ಹಾಗಾಗಿ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಸಾಗರ ದಕ್ಷಿಣಕ್ಕೆ ಇಳಿಯುತ್ತೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ವಾಪಸ್ ಹೋಗುತ್ತೆ. ಪ್ರವಾಸಿಗಳಿಗೆ ಈ ಸಾಗರಕ್ಕೆ ಬೀಳೋ ಅಗತ್ಯವೇ ಇಲ್ಲ, ಅಲ್ವಾ? ಆಫೀಸಿನಲ್ಲಿ ಹಾಜರಿ ಪಂಚ್ ಹೊಡೆಯೋಕೆ ಹೋಗ್ತಿಲ್ಲವಲ್ಲ ನೀವು.

ಅದಕ್ಕೇ ನನ್ನ ಮೊದಲ ಸಲಹೆ ರೂಮಿನ ಬಗ್ಗೆ. ಕಾಸು ಸ್ವಲ್ಪ ಜಾಸ್ತಿಯಾದರೂ ದಕ್ಷಿಣದಲ್ಲೇ, ಅಂದರೆ ಚರ್ಚ್‌ಗೇಟ್, ಫೋರ್ಟ್ ಅಥವಾ ಸಿಎಸ್‌ಎಂಟಿ ಸುತ್ತಮುತ್ತ ಉಳಿದುಕೊಳ್ಳಿ. ಸಿಎಸ್‌ಎಂಟಿ ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಹಳಬರು ಈಗಲೂ ವಿಟಿ (ವಿಕ್ಟೋರಿಯಾ ಟರ್ಮಿನಸ್) ಅಂತಲೇ ಕರೆಯೋದು. ಇಲ್ಲಿ ಉಳಿದರೆ ಬೆಳಗ್ಗೆ ನೀವು ಜನ ಬರೋ ದಿಕ್ಕಿಗೆ ಎದುರಾಗಿ ಹೋಗ್ತೀರಿ, ಸಂಜೆಯೂ ಹಾಗೇ. ಅಂಧೇರಿ, ಬಾಂದ್ರಾ ಕಡೆಯೂ ಈಗ ಆಫೀಸುಗಳು ತುಂಬಿರೋದರಿಂದ ಎದುರು ದಿಕ್ಕಿನ ಗಾಡಿ ಪೂರ್ತಿ ಖಾಲಿ ಇರುತ್ತೆ ಅಂದುಕೊಳ್ಳಬೇಡಿ. ಆದರೆ ಕಾಲಿಡೋಕೆ, ಉಸಿರಾಡೋಕೆ ಜಾಗ ಇರುತ್ತೆ. ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ ಎರಡೂ ಲೋಕಲ್‌ನ ಕೊನೇ ನಿಲ್ದಾಣಗಳು. ಗಾಡಿ ಅಲ್ಲೇ ಖಾಲಿಯಾಗಿ ಅಲ್ಲಿಂದಲೇ ಹೊರಡುತ್ತೆ, ಸೀಟು ಸಿಗುತ್ತೆ. ಇನ್ನೊಂದು ಲಾಭ ನಿಮ್ಮ ಅತ್ತೆಗೆ. ಈ ಎರಡು ಕಡೆ ಟಿಕೆಟ್ ಕೌಂಟರಿನ ಕಡೆಯಿಂದ ನೇರ ಪ್ಲಾಟ್‌ಫಾರಂಗೆ ನಡೆದು ಹೋಗಬಹುದು. ನಡುವಿನ ಹೆಚ್ಚಿನ ನಿಲ್ದಾಣಗಳಲ್ಲಿ ಸೇತುವೆ ಹತ್ತಿ ಇಳಿಯೋದು ತಪ್ಪಿದ್ದಲ್ಲ. ಮಂಡಿ ನೋವಿದ್ದವರಿಗೆ ಜನಸಂದಣಿಗಿಂತ ಈ ಮೆಟ್ಟಿಲುಗಳೇ ದೊಡ್ಡ ಕಾಟ.

ಇನ್ನು ಲೈನುಗಳು. ವೆಸ್ಟರ್ನ್ ಲೈನ್ ಚರ್ಚ್‌ಗೇಟಿನಿಂದ ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆಗೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ ದಾದರ್, ಕುರ್ಲಾ, ಠಾಣೆ, ಕಲ್ಯಾಣದ ಕಡೆಗೆ. ಹಾರ್ಬರ್ ಲೈನ್ ಕೂಡ ಸಿಎಸ್‌ಎಂಟಿಯಿಂದಲೇ ಹೊರಟು ನವಿ ಮುಂಬೈಯ ವಾಶಿ, ಪನ್ವೇಲ್ ಕಡೆ ಹೋಗುತ್ತೆ. ವೆಸ್ಟರ್ನ್‌ನಿಂದ ಸೆಂಟ್ರಲ್‌ಗೆ ಬದಲಾಯಿಸೋಕೆ ದಾದರ್. ಮೊದಲು ದಾದರಿನಲ್ಲಿ ಎರಡು ಲೈನಿಗೂ ಒಂದೊಂದು ಒಂದನೇ ನಂಬರ್ ಪ್ಲಾಟ್‌ಫಾರಂ ಇತ್ತು, ಹೊಸಬರು ಕಕ್ಕಾಬಿಕ್ಕಿ ಆಗ್ತಿದ್ದರು. 2023ರ ಡಿಸೆಂಬರಿನಿಂದ 1ರಿಂದ 14ರವರೆಗೆ ಒಂದೇ ಸಾಲು ನಂಬರ್ ಕೊಟ್ಟಿದ್ದಾರೆ.

ಹೆಸರುಗಳಲ್ಲಿ ಮಾತ್ರ ಹುಷಾರು. ಮುಂಬೈ ಸೆಂಟ್ರಲ್ ಅನ್ನೋ ನಿಲ್ದಾಣ ಇರೋದು ವೆಸ್ಟರ್ನ್ ಲೈನಿನಲ್ಲಿ! ಮಾಟುಂಗಾ ಸೆಂಟ್ರಲ್ ಲೈನಿನಲ್ಲಿದೆ, ಮಾಟುಂಗಾ ರೋಡ್ ವೆಸ್ಟರ್ನ್‌ನಲ್ಲಿದೆ. ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ನಾಲ್ಕು ದಿನ ವಡಾಪಾವ್ ತಿಂದ ಮೇಲೆ ನಿಮ್ಮ ಅತ್ತೆಗೆ ಅನ್ನ ಸಾರು ನೆನಪಾಗೇ ಆಗುತ್ತೆ. ಆಗ ಹೋಗಬೇಕಾದ್ದು ಸೆಂಟ್ರಲ್ ಲೈನಿನ ಮಾಟುಂಗಾಕ್ಕೆ. ಅಲ್ಲಿ ಸ್ಟೇಷನ್ ಹತ್ತಿರವೇ ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಬಾಳೆಲೆ ಊಟ ಸಿಗುತ್ತೆ. ಬೀದಿಯಲ್ಲಿ ಕನ್ನಡವೂ ತುಳುವೂ ಕಿವಿಗೆ ಬಿದ್ದರೆ ಆಶ್ಚರ್ಯ ಇಲ್ಲ. ಆದರೆ ಅಲ್ಲಿಗೆ ಸ್ಲೋ ಗಾಡಿಯನ್ನೇ ಹಿಡಿಯಬೇಕು, ಮುಖ್ಯ ಸ್ಟೇಷನ್ನುಗಳಲ್ಲಷ್ಟೇ ನಿಲ್ಲೋ ಫಾಸ್ಟ್ ಗಾಡಿ ಅಲ್ಲಿ ನಿಲ್ಲೋದಿಲ್ಲ.

ಪ್ಲಾಟ್‌ಫಾರಂ ಮೇಲೆ ತೂಗುಹಾಕಿರೋ ಇಂಡಿಕೇಟರನ್ನು ಓದೋದು ಸುಲಭ. ಕೊನೇ ನಿಲ್ದಾಣದ ಹೆಸರು, ಗಾಡಿ ಬರೋ ಹೊತ್ತು, ಸ್ಲೋ ಆದರೆ ಎಸ್, ಫಾಸ್ಟ್ ಆದರೆ ಎಫ್, ಜೊತೆಗೆ 12 ಅಥವಾ 15 ಅಂತ ಬೋಗಿಗಳ ಲೆಕ್ಕ. ಸ್ಲೋ ಎಲ್ಲ ಕಡೆ ನಿಲ್ಲುತ್ತೆ. ಹೊಸಬರಿಗೆ ಸ್ಲೋನೇ ವಾಸಿ. ಹತ್ತು ಹದಿನೈದು ನಿಮಿಷ ಜಾಸ್ತಿ ಹೋಗಬಹುದು, ಆದರೆ ಇಳಿಯೋ ಸ್ಟೇಷನ್ ಕಣ್ಣೆದುರೇ ದಾಟಿ ಹೋಗುವ ಭಯ ಇರಲ್ಲ. ಸ್ಥಳೀಯರ ಫೋನಿನಲ್ಲೆಲ್ಲ ಗಾಡಿಗಳ ಹೊತ್ತು ತಿಳಿಸೋ ಎಂ-ಇಂಡಿಕೇಟರ್ ಅನ್ನೋ ಆಪ್ ಇರುತ್ತೆ, ನೀವೂ ಹಾಕಿಕೊಳ್ಳಿ.

ಒಂದು ವಿಷಯ ಮಾತ್ರ ತಪ್ಪದೇ ನೆನಪಿಡಿ. ಸಂಜೆ ಹೊತ್ತಲ್ಲಿ ಹತ್ತಿರದ ಊರಿಗೆ ಅಂತ ದೂರದ ಫಾಸ್ಟ್ ಗಾಡಿ ಹತ್ತಬೇಡಿ. ವಿರಾರ್ ಫಾಸ್ಟ್ ಹತ್ತಿ ಬೋರಿವಲಿಯಲ್ಲಿ ಇಳೀತೀನಿ ಅಂದರೆ ವಿರಾರಿನವರು ಬಾಗಿಲ ಹತ್ತಿರವೂ ಬಿಡೋದಿಲ್ಲ. 'ಬೋರಿವಲಿ ಗಾಡಿ ಇಲ್ವಾ ನಿಮಗೆ?' ಅಂತ ಜಗಳಕ್ಕೇ ನಿಲ್ಲುತ್ತಾರೆ. ಅವರ ಸಿಟ್ಟಿಗೂ ಕಾರಣ ಇದೆ ಅನ್ನಿ. ಗಂಟೆಗಟ್ಟಲೆ ನಿಂತು ಹೋಗೋರು ಅವರು.

ಒಳಗಿನ ರೀತಿ ರಿವಾಜು ಒಮ್ಮೆ ಗೊತ್ತಾದರೆ ಲೋಕಲ್ ತುಂಬ ಸಭ್ಯ ಗಾಡಿ ಅನ್ನಿಸುತ್ತೆ. ಗಾಡಿ ಒಂದು ಸ್ಟೇಷನ್ನಿನಲ್ಲಿ ಅರ್ಧ ನಿಮಿಷ ನಿಂತರೆ ಹೆಚ್ಚು. ಆದ್ದರಿಂದ ಇಳಿಯೋರು ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಬಾಗಿಲ ಕಡೆ ಸರಿಯುತ್ತಾರೆ. ಎದುರಿಗೆ ನಿಂತವರ ಭುಜ ಮುಟ್ಟಿ 'ದಾದರ್?' ಅಂತಾರೆ, ಅಷ್ಟೇ. ಅವರೂ ಅಲ್ಲೇ ಇಳಿಯೋರಾದರೆ ತಲೆ ಆಡಿಸುತ್ತಾರೆ, ನೀವು ಅವರ ಹಿಂದೆ ನಿಂತುಕೊಂಡರೆ ಸಾಕು. ಇಲ್ಲದಿದ್ದರೆ ಜಾಗ ಬದಲಾಯಿಸಿಕೊಳ್ಳುತ್ತಾರೆ. ಯಾವ ಕಡೆ ಬಾಗಿಲಿಗೆ ಪ್ಲಾಟ್‌ಫಾರಂ ಬರುತ್ತೆ ಅಂತಲೂ ಅವರನ್ನೇ ಕೇಳಿ. ಸೀಟಿಗೂ ಹೀಗೇ ಒಂದು ಕಾನೂನಿದೆ. ಮೂರು ಜನ ಕೂರುವ ಸೀಟಿನ ತುದಿಗೆ ನಾಲ್ಕನೆಯವರು ಬಂದು ನಿಂತರೆ ಮೂವರೂ ಒಂದಿಷ್ಟು ಒಳಗೆ ಸರಿಯಬೇಕು. ಆ ನಾಲ್ಕನೇ ಸೀಟಿನಲ್ಲಿ ಅರ್ಧ ಮೈ ಹೊರಗೇ ಇರುತ್ತೆ, ಆದರೂ ಯಾರೂ ಗೊಣಗೋದಿಲ್ಲ. ನಿಮ್ಮನ್ನೂ ಯಾರಾದರೂ ಸರಿಯಿರಿ ಅಂದರೆ ಮುಖ ಸಿಂಡರಿಸಬೇಡಿ.

ಹೆಂಗಸರಿಗೆ ಬೇರೆ ಡಬ್ಬಿಗಳಿವೆ. ಅತ್ತೆ, ನೀವು, ಮಗಳು ಅದರಲ್ಲೇ ಹೋಗಿ. ಡಬ್ಬಿಯ ಮೇಲೆ ಹೆಂಗಸಿನ ಚಿತ್ರ ಇರುತ್ತೆ. ಅದು ಎಲ್ಲಿ ಬಂದು ನಿಲ್ಲುತ್ತೆ ಅಂತ ಕಾಯುತ್ತಿರೋ ಹೆಂಗಸರ ಗುಂಪು ನೋಡಿದರೇ ಗೊತ್ತಾಗುತ್ತೆ. ನಿಮ್ಮ ಯಜಮಾನರು ಪಕ್ಕದ ಡಬ್ಬಿ ಹತ್ತಲಿ. ಬೇರೆ ಬೇರೆ ಹತ್ತುವ ಮುಂಚೆ ಇಳಿಯೋ ಸ್ಟೇಷನ್ ಯಾವುದು, ಇಳಿದ ಮೇಲೆ ಎಲ್ಲಿ ಸೇರೋದು ಅಂತ ಮಾತಾಡಿಕೊಳ್ಳಿ. 'ಇಂಡಿಕೇಟರ್ ಕೆಳಗೆ' ಅಂದರೆ ಸಾಕು. ಫಸ್ಟ್ ಕ್ಲಾಸ್ ಡಬ್ಬಿಗೆ ಕೆಂಪು ಹಳದಿ ಓರೆ ಪಟ್ಟೆ ಇರುತ್ತೆ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಅದನ್ನು ಹತ್ತಿದರೆ ದಂಡ ಗ್ಯಾರಂಟಿ. ಆಫೀಸ್ ಹೊತ್ತಲ್ಲಿ ಅಲ್ಲೂ ನೂಕುನುಗ್ಗಲೇ, ಸುಮ್ನೆ ದುಡ್ಡು ದಂಡ. ಅತ್ತೆಗೆ ಆರಾಮ ಬೇಕಂದ್ರೆ ಎಸಿ ಲೋಕಲ್ ನೋಡಿ. ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತೆ, ಟಿಕೆಟ್ 35 ರೂಪಾಯಿಯಿಂದ ಶುರು.

ಮಾಮೂಲಿ ಸೆಕೆಂಡ್ ಕ್ಲಾಸಿನ ದರ ಕೇಳಿದರೆ ನಗು ಬರುತ್ತೆ. ಕನಿಷ್ಠ 5 ರೂಪಾಯಿ. ಚರ್ಚ್‌ಗೇಟಿನಿಂದ ಬೋರಿವಲಿಗೆ, ಹೆಚ್ಚುಕಮ್ಮಿ 34 ಕಿಲೋಮೀಟರಿಗೆ, 15 ರೂಪಾಯಿ. ಕ್ಯೂ ನಿಲ್ಲೋಕೆ ಬೇಜಾರಾದರೆ ರೈಲ್ವೆಯ ರೈಲ್‌ಒನ್ ಆಪಿನಲ್ಲಿ ತೆಗೆಯಿರಿ. ಪ್ಲಾಟ್‌ಫಾರಂಗೆ ಕಾಲಿಡುವ ಮುಂಚೆ ಟಿಕೆಟ್ ಆಗಿರಲಿ. ಗಾಡಿಯೊಳಗೆ ಕೂತು ಟಿಸಿ ಕಂಡಾಗ ತೆಗೆಯೋಣ ಅಂದರೆ ಆಪ್ ಒಪ್ಪೋದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ಟಿಕೆಟ್ ದುಡ್ಡು. ದಿನಕ್ಕೆ ನಾಲ್ಕೈದು ಸಲ ಹತ್ತಿಳಿಯೋದಿದ್ದರೆ ಕೌಂಟರಿನಲ್ಲಿ ಟೂರಿಸ್ಟ್ ಟಿಕೆಟ್ ಕೇಳಿ. ಒಂದು, ಮೂರು, ಐದು ದಿನದ ಲೆಕ್ಕದಲ್ಲಿ ಕೊಡುತ್ತಾರೆ.

ಈಗ ಲೋಕಲ್‌ಗೂ ಒಬ್ಬ ತಮ್ಮ ಹುಟ್ಟಿದ್ದಾನೆ. 2025ರ ಅಕ್ಟೋಬರಿನಲ್ಲಿ ಮೆಟ್ರೋ 3, ಅಂದರೆ ಅಕ್ವಾ ಲೈನ್, ಪೂರ್ತಿ ಶುರುವಾಯಿತು. ಆರೇಯಿಂದ ಕಫ್ ಪರೇಡ್‌ವರೆಗೆ ಮೂವತ್ಮೂರೂವರೆ ಕಿಲೋಮೀಟರ್, ಹೆಚ್ಚುಕಮ್ಮಿ ಪೂರ್ತಿ ನೆಲದ ಕೆಳಗೇ. ಏರ್‌ಪೋರ್ಟಿನ ಎರಡೂ ಟರ್ಮಿನಲ್, ಸಿದ್ಧಿವಿನಾಯಕ, ಗಿರಗಾಂವ್, ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಪ್ರವಾಸಿಗಳಿಗೇ ಹೇಳಿ ಮಾಡಿಸಿದ ಹಾಗಿದೆ. ಟಿಕೆಟ್ 10ರಿಂದ 70 ರೂಪಾಯಿ. ಲಿಫ್ಟ್ ಇದೆ, ಎಸಿ ಇದೆ. ದೊಡ್ಡ ಬ್ಯಾಗುಗಳಿದ್ದ ದಿನ, ಅತ್ತೆಗೆ ಸುಸ್ತಾದ ದಿನ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ. ಸಿದ್ಧಿವಿನಾಯಕಕ್ಕಂತೂ ಲೋಕಲ್‌ನಲ್ಲಿ ದಾದರಿಗೆ ಬಂದು ಟ್ಯಾಕ್ಸಿ ಹುಡುಕುವ ಕಷ್ಟವೇ ಈಗ ಇಲ್ಲ. ಮಂಗಳವಾರ ಮಾತ್ರ ದೇವಸ್ಥಾನದಲ್ಲಿ ವಿಪರೀತ ಜನ.

ಹಾಗಿದ್ದರೆ ಲೋಕಲ್ ಯಾಕೆ ಬೇಕು ಅಂತೀರಾ? ಮೆಟ್ರೋದಲ್ಲಿ ಕಿಟಕಿಯಾಚೆ ಕಾಣೋದು ಕತ್ತಲೆ. ಚರ್ಚ್‌ಗೇಟಿನಿಂದ ಮಧ್ಯಾಹ್ನ ಹನ್ನೆರಡರ ಸ್ಲೋ ಗಾಡಿಯಲ್ಲಿ ಕಿಟಕಿ ಪಕ್ಕ ಕೂತರೆ ಮರೀನ್ ಲೈನ್ಸ್, ಚರ್ನಿ ರೋಡ್ ಹತ್ತಿರ ಸಮುದ್ರ ಇಣುಕುತ್ತೆ. ಮಹಾಲಕ್ಷ್ಮಿಯಲ್ಲಿ ಇಳಿದು ಪಕ್ಕದ ಸೇತುವೆ ಮೇಲೆ ನಿಂತರೆ ಬಯಲಲ್ಲೇ ಬಟ್ಟೆ ಒಗೆಯೋ ಧೋಬಿ ಘಾಟ್ ಪೂರ್ತಿ ಕಾಣುತ್ತೆ. ಮಗಳಿಗೆ ಒಮ್ಮೆಯಾದರೂ ತೋರಿಸಿ.

ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹೊರಗೆ ಹೋಗೋ ಮುಂಚೆ ಪೂರ್ವವೋ ಪಶ್ಚಿಮವೋ ಅಂತ ಖಾತ್ರಿ ಮಾಡಿಕೊಳ್ಳಿ. ಹಳಿ ಊರನ್ನು ಎರಡು ಹೋಳು ಮಾಡಿದೆ. ವಿಳಾಸ ಹೇಳುವಾಗಲೇ ಮುಂಬೈಯವರು 'ಅಂಧೇರಿ ಈಸ್ಟ್', 'ದಾದರ್ ವೆಸ್ಟ್' ಅನ್ನೋದು ಅದಕ್ಕೇ. ತಪ್ಪು ಕಡೆ ಹೊರಬಿದ್ದರೆ ಅತ್ತೆ ಮತ್ತೆ ಅದೇ ಮೆಟ್ಟಿಲು ಹತ್ತಬೇಕು.

ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋಗಳಿಲ್ಲ, ಅಲ್ಲಿ ಕಪ್ಪು ಹಳದಿ ಟ್ಯಾಕ್ಸಿ ಮಾತ್ರ. ಮೀಟರ್ ಹಾಕಿಯೇ ಓಡಿಸುತ್ತಾರೆ. ನಾಲ್ಕು ಜನಕ್ಕೆ ಸ್ಟೇಷನ್ನಿನಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಅಂಥ ಖರ್ಚೇನೂ ಆಗಲ್ಲ. ಬೆಸ್ಟ್ (BEST) ಅಂತ ಕರೆಯೋ ಅಲ್ಲಿನ ಸಿಟಿ ಬಸ್ಸು ಇನ್ನೂ ಅಗ್ಗ. ಸಾದಾ ಬಸ್ಸಿಗೆ ಕನಿಷ್ಠ 10, ಎಸಿಗೆ 12 ರೂಪಾಯಿ. ಆದರೆ ಎಷ್ಟೋ ಬಸ್ಸುಗಳ ಮುಂದೆ ನಂಬರ್ ಮರಾಠಿ ಅಂಕಿಯಲ್ಲಿರುತ್ತೆ, ನಮಗೆ ಗೊತ್ತಿರೋ ಅಂಕಿ ಬಸ್ಸಿನ ಮಗ್ಗುಲಲ್ಲಿರುತ್ತೆ. ಅದನ್ನು ಓದೋ ಹೊತ್ತಿಗೆ ಬಸ್ಸು ಹೊರಟಿರುತ್ತೆ. ಮಗಳಿಗೆ ಶಾಲೆಯಲ್ಲಿ ಹಿಂದಿ ಇದ್ದರೆ ಆ ಕೆಲಸ ಅವಳಿಗೆ ವಹಿಸಿ.

ಕೊನೆಯದಾಗಿ ದಿನಗಳ ಲೆಕ್ಕ. ಭಾನುವಾರ ಹಳಿ ರಿಪೇರಿಗೆ ಅಂತ ಮೆಗಾ ಬ್ಲಾಕ್ ಮಾಡುತ್ತಾರೆ. ಹಗಲು ಹೊತ್ತು ಕೆಲವು ಗಾಡಿಗಳು ರದ್ದಾಗುತ್ತವೆ, ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ. ಯಾವ ಲೈನಿನಲ್ಲಿ ಅಂತ ಶನಿವಾರವೇ ನೋಡಿಕೊಳ್ಳಿ. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ, ಬೋರಿವಲಿಯ ನ್ಯಾಷನಲ್ ಪಾರ್ಕಿಗೂ ರಜೆ. ಆ ದಿನವನ್ನು ಮರೀನ್ ಡ್ರೈವ್ ಕಟ್ಟೆಗೆ ಇಟ್ಟುಕೊಳ್ಳಿ.