ಸೋಯುಜ್ ಟಿ-11: ಶರ್ಮಾ ಪಕ್ಕದಲ್ಲಿ ಕೂತಿದ್ದವರು

1984ರ ಏಪ್ರಿಲ್ 3ರಂದು ಸೋವಿಯತ್ ಒಕ್ಕೂಟದ ಬೈಕನೂರು ಉಡಾವಣಾ ಕೇಂದ್ರದಿಂದ ಸೋಯುಜ್ ಟಿ-11 ನೌಕೆ ಹಾರಿತು. ಒಳಗೆ ಮೂವರು: ಕಮಾಂಡರ್ ಯೂರಿ ಮಾಲಿಷೆವ್, ಫ್ಲೈಟ್ ಇಂಜಿನಿಯರ್ ಗೆನ್ನಾಡಿ ಸ್ಟ್ರೆಕಲೋವ್, ನಮ್ಮ ರಾಕೇಶ್ ಶರ್ಮಾ. ಪರೀಕ್ಷೆಗೆ ಓದುವಾಗ ಶರ್ಮಾ, ಅವರು ಹೋದ ಬಾಹ್ಯಾಕಾಶ ನಿಲ್ದಾಣ ಸಾಲ್ಯೂತ್-7, ತಾರೀಖು ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ, ಅಲ್ವಾ? ನಿಲ್ದಾಣ ತಲುಪುವುದು ಎಷ್ಟು ಕಷ್ಟ ಅಂತ ತಿಳಿಯಲು ಸ್ಟ್ರೆಕಲೋವ್ ಕಥೆ ಓದಬೇಕು. ಸಾಲ್ಯೂತ್-7ಕ್ಕೆ ಹೊರಟಿದ್ದು ಅವರಿಗೆ ಒಂದೇ ವರ್ಷದೊಳಗೆ ಇದು ಮೂರನೇ ಸಲ.

ಮೊದಲನೆಯದು 1983ರ ಏಪ್ರಿಲ್, ಸೋಯುಜ್ ಟಿ-8. ಹಾರಿದ್ದೇನೋ ಸರಿಯಾಗಿಯೇ ಹಾರಿತು. ಆದರೆ ನಿಲ್ದಾಣದ ದೂರ, ವೇಗ ಅಳೆಯುವ ‘ಇಗ್ಲಾ’ ರೇಡಾರಿನ ಆಂಟೆನಾ ಕಿತ್ತುಹೋಗಿತ್ತು. ಇಗ್ಲಾ ಅಂದರೆ ರಷ್ಯನ್ನಿನಲ್ಲಿ ಸೂಜಿ.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕಕ್ಷೆಯಲ್ಲಿ ಮುಂದಿರುವುದನ್ನು ಹಿಡಿಯಲು ಸುಮ್ನೆ ಇಂಜಿನ್ ಜೋರು ಮಾಡಿದರೆ ಆಗಲ್ಲ. ವೇಗ ಕೊಟ್ಟರೆ ನೌಕೆ ಮೇಲಿನ ಕಕ್ಷೆಗೆ ಏರುತ್ತದೆ, ಸುತ್ತು ದೊಡ್ಡದಾಗುತ್ತದೆ, ಇನ್ನಷ್ಟು ಹಿಂದೆ ಬೀಳುತ್ತದೆ! ಕೆಳಗಿನ ಕಕ್ಷೆಯಲ್ಲಿ ಸುತ್ತು ಚಿಕ್ಕದು, ವೇಗವೂ ಜಾಸ್ತಿ. ಅದಕ್ಕೇ ನೌಕೆ ಮೊದಲು ಕೆಳಗಿದ್ದುಕೊಂಡೇ ಅಂತರ ಕಡಿಮೆ ಮಾಡಿ, ಆಮೇಲೆ ಹಂತಹಂತವಾಗಿ ಮೇಲೇರುತ್ತದೆ. ಹತ್ತಿರ ಬಂದ ಮೇಲೆ ಸೆಕೆಂಡಿಗೆ ಎಷ್ಟು ಮೀಟರ್ ಸಮೀಪಿಸುತ್ತಿದ್ದೇವೆ ಅನ್ನುವುದು ಗೊತ್ತಿರಲೇಬೇಕು. ಟಿ-8ರ ಕಮಾಂಡರ್ ವ್ಲಾದಿಮಿರ್ ಟಿಟೋವ್ ಅದನ್ನು ಕಣ್ಣಳತೆಯಲ್ಲೇ ಮಾಡಲು ನೋಡಿದರು. ಭೂಮಿಯ ನೆರಳಿಗೆ ಹೋದಾಗ ಕತ್ತಲಾಯಿತು, ವೇಗ ಜಾಸ್ತಿ ಅನ್ನಿಸಿತು. ಡಿಕ್ಕಿಯ ಭಯದಿಂದ ನೌಕೆಯನ್ನು ತಪ್ಪಿಸಿದರು. ಎರಡೇ ದಿನಕ್ಕೆ ವಾಪಸ್.

ಎರಡನೇ ಸಲ, 1983ರ ಸೆಪ್ಟೆಂಬರ್ 26, ಅದೇ ಟಿಟೋವ್ ಜೊತೆ. ಹಾರಲು ಒಂದೂವರೆ ನಿಮಿಷ ಇರುವಾಗ ವಾಲ್ವ್ ಕೆಟ್ಟು ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿತು. ವೈರುಗಳೂ ಸುಟ್ಟವು. ಕೊನೆಗೆ ನೆಲದಿಂದ ರೇಡಿಯೋ ಮೂಲಕ ಆದೇಶ ಕಳಿಸಿ, ನೌಕೆಯ ತುದಿಯಲ್ಲಿದ್ದ, ಅಪಾಯದಲ್ಲಿ ಯಾತ್ರಿಗಳನ್ನು ಎಳೆದು ಪಾರು ಮಾಡುವ ರಾಕೆಟ್ ಹೊತ್ತಿಸಿದರು. ಕೆಲವೇ ಸೆಕೆಂಡು, 14ರಿಂದ 17 ಜಿ ಒತ್ತಡ, ಅಂದರೆ ಮೈತೂಕದ 14ರಿಂದ 17 ಪಟ್ಟು ಭಾರ. ಇಬ್ಬರೂ ಸುಮಾರು 4 ಕಿ.ಮೀ. ದೂರ ಜೀವಂತ ಇಳಿದರು. ಆರು ತಿಂಗಳು ಕಳೆದ ಮೇಲೆ ಅದೇ ಮನುಷ್ಯ ಮತ್ತೆ ರಾಕೆಟ್ ಹತ್ತಿದ್ದಾರೆ ನೋಡಿ!

ಟಿ-11 ಮಾತ್ರ ಸಲೀಸಾಗಿ ಹೋಯಿತು. ಮರುದಿನವೇ ಸಾಲ್ಯೂತ್-7ಕ್ಕೆ ಜೋಡಣೆಯಾಯಿತು. ಅಲ್ಲಿ ಮೊದಲೇ ಸೋಯುಜ್ ಟಿ-10ರಲ್ಲಿ ಬಂದಿದ್ದ ಕಿಜಿಮ್, ಸೊಲೊವ್ಯೋವ್, ಅತ್ಕೋವ್ ಇದ್ದರು.

ಕ್ವಿಜ್‌ನಲ್ಲಿ ಎಡವುವ ಜಾಗ ಒಂದಿದೆ. ಶರ್ಮಾ ಏಪ್ರಿಲ್ 11ರಂದು ವಾಪಸಾದದ್ದು ಟಿ-11ರಲ್ಲಿ ಅಲ್ಲ, ಟಿ-10ರಲ್ಲಿ. ಸೋಯುಜ್ ಕಕ್ಷೆಯಲ್ಲಿ ಇಷ್ಟೇ ದಿನ ಇರಬಹುದು ಅನ್ನುವ ಮಿತಿ ಇದೆ. ಹಾಗಾಗಿ ಅತಿಥಿಗಳು ಹಳೆಯ ನೌಕೆಯಲ್ಲಿ ಇಳಿದು, ಹೊಸದನ್ನು ಅಲ್ಲಿದ್ದವರಿಗೆ ಬಿಟ್ಟುಬರುವುದು ರೂಢಿ. ಪ್ರತಿಯೊಬ್ಬರ ಮೈಅಳತೆಗೆ ಮಾಡಿದ ಸೀಟಿನ ಅಚ್ಚನ್ನೂ ನೌಕೆಯಿಂದ ನೌಕೆಗೆ ಹೊತ್ತೊಯ್ಯಬೇಕು. ಟಿ-11 ನೆಲಕ್ಕಿಳಿದದ್ದು ಅಕ್ಟೋಬರ್ 2ರಂದು, ಕಿಜಿಮ್ ತಂಡವನ್ನು ಕೂರಿಸಿಕೊಂಡು.