ಹಿಮ್ಮಡಿ ನೋವಿಗೆ ಶೂ: ಮೆತ್ತಗಿದ್ದರೆ ಸಾಲದು, ಬಾಗುವ ಜಾಗ ನೋಡಿ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಗೆ ಮೊಳೆ ಚುಚ್ಚಿದಂಥ ನೋವು. ನಾಲ್ಕು ಹೆಜ್ಜೆ ಓಡಾಡಿದರೆ ಕೊಂಚ ಹಗುರ. ತುಂಬ ಹೊತ್ತು ಕೂತು ಎದ್ದರೆ ಮತ್ತೆ ಅದೇ ಪಾಡು. ಪ್ಲಾಂಟಾರ್ ಫ್ಯಾಸಿಯೈಟಿಸ್, ಅಂದರೆ ಅಂಗಾಲಿನ ನಾರಿನ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಲ್ಲಿ ಬರುವ ನೋವು, ಸಾಮಾನ್ಯವಾಗಿ ಹೀಗೇ ಕಾಡುತ್ತದೆ. ಈ ನೋವಿರುವವರು ಅಂಗಡಿಗೆ ಹೋದರೆ ಮೊದಲು ಶೂ ಒಳಗೆ ಹೆಬ್ಬೆರಳು ಒತ್ತಿ ಎಷ್ಟು ಮೆತ್ತಗಿದೆ ಎಂದು ನೋಡುತ್ತಾರೆ. ಎಡವುವುದೂ ಅಲ್ಲೇ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಒಂದು ಗಟ್ಟಿ ನಾರಿನ ಪಟ್ಟಿ ಹಾದುಹೋಗುತ್ತದೆ. ಪಾದದ ಕಮಾನು ಬಿಲ್ಲಾದರೆ ಇದು ಅದರ ಹೆದೆ. ಹೆಜ್ಜೆ ಕೀಳುವಾಗ ಬೆರಳುಗಳು ಮೇಲಕ್ಕೆ ಮಡಚುತ್ತವಲ್ಲ, ಆಗ ರಾಟೆಯ ಮೇಲೆ ಹಗ್ಗ ಎಳೆದ ಹಾಗೆ ಪಟ್ಟಿ ಬಿಗಿಯುತ್ತದೆ. 1954ರಲ್ಲಿ ಹಿಕ್ಸ್ ಎಂಬ ಸಂಶೋಧಕರು ವಿವರಿಸಿದ ವ್ಯವಸ್ಥೆ ಇದು. ಪಟ್ಟಿ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ನೋವಿದ್ದಾಗ ಈ ಎಳೆತವೇ ಶತ್ರು. ಆದ್ದರಿಂದ ಶೂ ಎರಡು ಕೆಲಸ ಮಾಡಬೇಕು: ಹಿಮ್ಮಡಿಗೆ ಬೀಳುವ ಪೆಟ್ಟನ್ನು ಹಂಚಬೇಕು, ಪಟ್ಟಿಯ ಎಳೆತವನ್ನು ತಗ್ಗಿಸಬೇಕು. ಬರೀ ಮೆತ್ತನೆಯ ಫೋಮ್ ಮೊದಲನೆಯದನ್ನಷ್ಟೇ ಮಾಡುತ್ತದೆ. ಅದೂ ಚಪ್ಪಟೆಯಾಗುವ ತನಕ.

ಶೂವನ್ನು ಕೈಗೆ ತೆಗೆದುಕೊಳ್ಳಿ. ಒಂದು ಕೈಲಿ ಮೂತಿ, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು ಒತ್ತಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಿದರೆ ಸರಿ. ನಟ್ಟನಡುವೆ, ಕಮಾನಿನ ಕೆಳಗೆ ಪುಸ್ತಕದಂತೆ ಮಡಚಿಕೊಂಡರೆ ಎಷ್ಟೇ ಚೆನ್ನಾಗಿ ಕಂಡರೂ ವಾಪಸ್ ಇಟ್ಟುಬಿಡಿ. ಆಮೇಲೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಸುಲಭಕ್ಕೆ ತಿರುಚಬಾರದು. ಕೊನೆಗೆ ಹಿಮ್ಮಡಿಯ ಹಿಂಬದಿಯ ಗೋಡೆಯನ್ನು ಎರಡು ಬೆರಳಲ್ಲಿ ಚಿವುಟಿ. ಅದು ಕುಸಿಯದಿದ್ದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಅಕ್ಕಪಕ್ಕಕ್ಕೆ ಹರಡದೆ ಮೂಳೆಯ ಕೆಳಗೇ ಉಳಿಯುತ್ತದೆ.

ಮುಂಗಾಲಿಗಿಂತ ಹಿಮ್ಮಡಿ 8ರಿಂದ 12 ಮಿಲಿಮೀಟರ್ ಎತ್ತರದಲ್ಲಿದ್ದರೆ ಬಹಳ ಮಂದಿಗೆ ಹಿತ. ತೀರಾ ಸಮತಟ್ಟಾದರೆ ಬಿಗಿದ ಮೀನಖಂಡ ಹಿಮ್ಮಡಿಯನ್ನು ಜಗ್ಗುತ್ತದೆ. ಹಾಗೆಂದು ಹೈ ಹೀಲ್ಸ್ ಉತ್ತರವಲ್ಲ, ಅದರಲ್ಲಿ ಬೆರಳುಗಳು ಹೊತ್ತುಪೂರ್ತಿ ಮಡಚಿಯೇ ಇರುತ್ತವೆ. ಮುಂತುದಿ ತೊಟ್ಟಿಲಿನಂತೆ ಮೇಲಕ್ಕೆ ಬಾಗಿದ ಗಟ್ಟಿ ಸೋಲ್ ಸಿಕ್ಕರೆ ಬೆರಳು ಅಷ್ಟಾಗಿ ಮಡಚದೆ ನಡೆಯಬಹುದು.

ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಹಾಕುವಾಗ ಒಂದು ತಪ್ಪು ಪದೇಪದೇ ಆಗುತ್ತದೆ: ಶೂ ಜೊತೆ ಬಂದದ್ದನ್ನು ತೆಗೆಯದೆ ಅದರ ಮೇಲೇ ಇಡುವುದು. ಹಿಮ್ಮಡಿ ಮೇಲೆದ್ದು ಹೆಜ್ಜೆಹೆಜ್ಜೆಗೂ ಶೂ ಕಳಚಿಬರುತ್ತದೆ. ಹಳೆಯದನ್ನು ತೆಗೆದು, ಅದನ್ನೇ ಅಳತೆಗಿಟ್ಟು ಹೊಸದರ ಬೆರಳಿನ ತುದಿಯಷ್ಟನ್ನೇ ಕತ್ತರಿಸಿ. ಮೊದಲ ದಿನ ಒಂದೆರಡು ಗಂಟೆ ಸಾಕು. ಅಂದಹಾಗೆ, ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಪಾದದ ಅಚ್ಚು ತೆಗೆದು ಮಾಡಿಸಿದ ದುಬಾರಿ ಇನ್‌ಸೋಲ್ ರೆಡಿಮೇಡ್‌ಗಿಂತ ಹೇಳಿಕೊಳ್ಳುವಷ್ಟು ಮೇಲೆಂದು ಕಂಡುಬಂದಿಲ್ಲ. ಮೊದಲು ರೆಡಿಮೇಡ್ ಪ್ರಯತ್ನಿಸುವುದೇ ಜಾಣತನ.

ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದಿರುತ್ತದೆ, ಖರೀದಿಗೆ ಆಗಲೇ ಹೋಗಿ. ನಿಂತು, ದೊಡ್ಡ ಪಾದಕ್ಕೆ ನೋಡಿ, ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಬಿಡಿ.

ಇಷ್ಟೆಲ್ಲ ಮಾಡಿ ಮನೆಯೊಳಗೆ ಬರಿಗಾಲಲ್ಲಿ ಗಟ್ಟಿ ನೆಲ ತುಳಿದರೆ ಹೊರಗೆ ಗಳಿಸಿದ್ದು ಒಳಗೆ ಕರಗುತ್ತದೆ. ಹಿಂಬದಿ ಪಟ್ಟಿಯಿರುವ, ಕಮಾನಿಗೆ ಆಸರೆಯಿರುವ ಸ್ಯಾಂಡಲ್ ಒಂದು ಮಂಚದ ಪಕ್ಕದಲ್ಲೇ ಇರಲಿ. ತೆಳು ರಬ್ಬರ್ ಚಪ್ಪಲಿ ಬೇಡ, ಅದು ಜಾರದಂತೆ ಬೆರಳುಗಳು ಸದಾ ಕಚ್ಚಿ ಹಿಡಿಯಬೇಕಾಗುತ್ತದೆ. ಕಾಲು ತೂರಿಸುವ ಮೊದಲು ನೋವಿನ ಪಾದವನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಬೆರಳುಗಳನ್ನು ಕಣಕಾಲಿನ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯಿರಿ. ಹೀಗೆ 10 ಸಲ. ಸಾಮಾನ್ಯವಾಗಿ ನೋವು ಇಳಿಯಲು ತಿಂಗಳುಗಳೇ ಬೇಕು, ಆ ನಡುವೆ ಶೂವೂ ಸವೆಯುತ್ತದೆ. ಆಗಾಗ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಪಕ್ಕಕ್ಕೆ ವಾಲಿದ್ದರೆ ಅದರ ಆಯಸ್ಸು ಮುಗಿದಿದೆ.

ಅಂಗಾಲು ಜೋಮು ಹಿಡಿಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಅಥವಾ ಟಪ್ ಎಂದು ಏನೋ ಹರಿದಂತಾಗಿ ಪಾದ ಊದಿಕೊಂಡರೆ ಶೂ ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.